ಒಂದೇ ವಿಮಾನ, ಮೂರು ಗುರುತು: ಕೋಡ್‌ಶೇರ್ ಮತ್ತು ಮೈಲಿಗಳ ಲೆಕ್ಕ

ವಿಮಾನ ನಿಲ್ದಾಣದ ಸೂಚನಾ ಫಲಕವನ್ನು ನೀವು ಗಮನಿಸಿರಬಹುದು. ಒಂದು ಊರಿಗೆ ಹೊರಡುವ ಒಂದು ವಿಮಾನದ ಎದುರು ಒಂದು ಸಂಖ್ಯೆ ಇರುತ್ತದೆ. ಕೆಲವು ಸೆಕೆಂಡುಗಳಲ್ಲಿ ಅದು ಅಳಿಸಿ ಇನ್ನೊಂದು ಸಂಖ್ಯೆ ಮೂಡುತ್ತದೆ, ಬಳಿಕ ಮತ್ತೊಂದು. ಹೊರಡುವ ಸಮಯ ಅದೇ, ಬಾಗಿಲು ಅದೇ. ಒಳಗೆ ಹೋದರೆ ಇರುವುದು ಒಂದೇ ವಿಮಾನ. ಹಾಗಾದರೆ ಅದಕ್ಕೆ ಇಷ್ಟೊಂದು ಹೆಸರುಗಳೇಕೆ? ಟಿಕೆಟ್ಟಿನಲ್ಲಿ ಇವುಗಳಲ್ಲಿ ಯಾವ ಹೆಸರಿದ್ದರೂ ಪ್ರಯಾಣಿಕನಿಗೆ ಒಂದೆಯೆ?

ಒಂದೇ ಅಲ್ಲ. ಅಕ್ಕಪಕ್ಕದ ಆಸನಗಳಲ್ಲಿ ಕುಳಿತು ಒಂದೇ ಊಟ ಮಾಡಿ ಒಂದೇ ಕ್ಷಣಕ್ಕೆ ಇಳಿಯುವ ಇಬ್ಬರಿಗೆ ಸಿಗುವ ಮೈಲಿಗಳು ಮೂರು ಪಟ್ಟು ಭಿನ್ನವಾಗಿರಬಹುದು. ವಿಮಾನ ತಡವಾದಾಗ ಪರಿಹಾರ ಸಿಗುವುದೋ ಇಲ್ಲವೋ ಎಂಬುದಕ್ಕೂ ಈ ಹೆಸರುಗಳಿಗೂ ಸಂಬಂಧವಿದೆ. ವಿದೇಶದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಗಳು, ಓದಲು ಹೊರಟ ವಿದ್ಯಾರ್ಥಿಗಳು ಇದನ್ನು ಅರಿತಿರುವುದು ಒಳ್ಳೆಯದು.

ಸಂಕೇತ ಹಂಚಿಕೆ ಎಂದರೇನು?

ಪ್ರತಿಯೊಂದು ವಿಮಾನ ಸಂಸ್ಥೆಗೂ ಎರಡು ಚಿಹ್ನೆಗಳ ಒಂದು ಸಂಕೇತವಿದೆ. ಏರ್ ಇಂಡಿಯಾಕ್ಕೆ ‘ಎಐ’, ಲುಫ್ತಾನ್ಸಾಕ್ಕೆ ‘ಎಲ್‌ಎಚ್’, ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ಗೆ ‘ಯುಎ’, ಇಂಡಿಗೊಗೆ ‘6ಇ’. ಒಂದು ಸಂಸ್ಥೆ ಹಾರಿಸುವ ವಿಮಾನದ ಆಸನಗಳನ್ನು ಇನ್ನೊಂದು ಸಂಸ್ಥೆ ತನ್ನದೇ ಸಂಕೇತದಲ್ಲಿ, ತನ್ನದೇ ವಿಮಾನವೆಂಬಂತೆ ಮಾರುವ ಒಪ್ಪಂದವೇ ಕೋಡ್‌ಶೇರ್, ಅಂದರೆ ಸಂಕೇತ ಹಂಚಿಕೆ. ಈ ಹೆಸರು 1989ರಲ್ಲಿ ಆಸ್ಟ್ರೇಲಿಯದ ಕ್ವಾಂಟಾಸ್ ಮತ್ತು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಗಳ ಒಪ್ಪಂದದಿಂದ ಬಳಕೆಗೆ ಬಂತು.

ಕೋಡ್‌ಶೇರ್ ಮತ್ತು ಮೈತ್ರಿಕೂಟ ಒಂದೇ ಅಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಸ್ಟಾರ್ ಅಲಯನ್ಸ್ (1997), ಒನ್‌ವರ್ಲ್ಡ್ (1999) ಮತ್ತು ಸ್ಕೈಟೀಮ್ (2000) ಹಲವು ಸಂಸ್ಥೆಗಳ ಕೂಟಗಳು. ಏರ್ ಇಂಡಿಯಾ 2014ರ ಜುಲೈನಲ್ಲಿ ಸ್ಟಾರ್ ಅಲಯನ್ಸ್ ಸೇರಿತು. ಕೋಡ್‌ಶೇರ್ ಆದರೋ ಎರಡು ಸಂಸ್ಥೆಗಳ ನಡುವಿನ, ನಿರ್ದಿಷ್ಟ ಮಾರ್ಗಗಳಿಗೆ ಸೀಮಿತವಾದ ಒಪ್ಪಂದ. ಒಂದೇ ಕೂಟದಲ್ಲಿದ್ದರೂ ಎಲ್ಲ ಮಾರ್ಗಗಳಲ್ಲಿ ಕೋಡ್‌ಶೇರ್ ಇರಬೇಕೆಂದಿಲ್ಲ. ಕೂಟಕ್ಕೆ ಸೇರದ ಇಂಡಿಗೊ 2018ರಲ್ಲಿ ಸ್ಟಾರ್ ಅಲಯನ್ಸ್ ಸದಸ್ಯನಾದ ಟರ್ಕಿಶ್ ಏರ್‌ಲೈನ್ಸ್ ಜೊತೆ ಇಂಥ ಒಪ್ಪಂದ ಮಾಡಿಕೊಂಡಿತು. ಆದ್ದರಿಂದ ‘ಕೋಡ್ ಇದೆ, ಮೈಲಿಯೂ ಬಂದೀತು’ ಎಂಬ ಊಹೆಗೆ ಆಧಾರವಿಲ್ಲ.

ಇದರಿಂದ ಸಂಸ್ಥೆಗಳಿಗೆ ಲಾಭ ಸ್ಪಷ್ಟ. ಹೊಸ ವಿಮಾನ ಕೊಳ್ಳದೆ ಹೊಸ ಊರುಗಳನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳಬಹುದು. ಪ್ರಯಾಣಿಕನಿಗೂ ಅನುಕೂಲವುಂಟು. ಎರಡು ಸಂಸ್ಥೆಗಳ ವಿಮಾನಗಳು ಒಂದೇ ಟಿಕೆಟ್ಟಿನಲ್ಲಿ ಸೇರುತ್ತವೆ. ಸಾಮಾನು ಸಾಮಾನ್ಯವಾಗಿ ಕೊನೆಯ ಊರಿನವರೆಗೆ ನೇರ ಸಾಗುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಬೇರೆ ವಿಮಾನದಲ್ಲಿ ಕಳಿಸುವ ಹೊಣೆ ಸಂಸ್ಥೆಗಳದು. ದರದ ಮೇಲೂ ಪರಿಣಾಮವಿದೆ. ಎರಡು ಸಂಸ್ಥೆಗಳು ಒಂದೇ ಪ್ರಯಾಣದ ಎರಡು ತುಂಡುಗಳಿಗೆ ಪ್ರತ್ಯೇಕವಾಗಿ ಲಾಭ ಸೇರಿಸಿದರೆ ಒಟ್ಟು ದರ ಏರುತ್ತದೆ. ಕೂಡಿ ದರ ನಿಗದಿ ಮಾಡಿದರೆ ಇಳಿಯುತ್ತದೆ. ಅರ್ಥಶಾಸ್ತ್ರಜ್ಞರಾದ ಬ್ರುಕ್ನರ್ ಮತ್ತು ವೇಲನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇಂಥ ಜೋಡಣೆಯ ಪ್ರಯಾಣಗಳಲ್ಲಿ ಮೈತ್ರಿ ಸಂಸ್ಥೆಗಳ ದರ ಇತರರಿಗಿಂತ ಸುಮಾರು ಶೇ. 25ರಷ್ಟು ಕಡಿಮೆ ಇತ್ತು. ಆದರೆ ಮೊದಲು ಒಂದೇ ಮಾರ್ಗದಲ್ಲಿ ಪೈಪೋಟಿ ನಡೆಸುತ್ತಿದ್ದ ಇಬ್ಬರು ಕೈಜೋಡಿಸಿದರೆ ಪೈಪೋಟಿಯೇ ತಗ್ಗುವ ಅಪಾಯವೂ ಇದೆ.

ಮೂರು ಗುರುತುಗಳು

ಒಂದು ಟಿಕೆಟ್ಟಿನಲ್ಲಿ ಮೂರು ಸಂಸ್ಥೆಗಳ ಗುರುತು ಅಡಗಿರಬಹುದು.

ಮೊದಲನೆಯದು, ಮಾರುವ ಸಂಸ್ಥೆ. ವಿಮಾನ ಸಂಖ್ಯೆಯ ಆರಂಭದ ಎರಡು ಚಿಹ್ನೆಗಳು ಇದನ್ನು ತಿಳಿಸುತ್ತವೆ.

ಎರಡನೆಯದು, ಹಾರಿಸುವ ಸಂಸ್ಥೆ. ವಿಮಾನ, ಚಾಲಕರು, ಸಿಬ್ಬಂದಿ ಇದರವರು. ಟಿಕೆಟ್ಟಿನಲ್ಲಿ ‘ಆಪರೇಟೆಡ್ ಬೈ’ ಎಂಬ ಮಾತಿನ ಮುಂದೆ ಸಣ್ಣ ಅಕ್ಷರಗಳಲ್ಲಿ ಈ ಹೆಸರು ಇರುತ್ತದೆ.

ಮೂರನೆಯದು, ಟಿಕೆಟ್ ನೀಡಿದ ಸಂಸ್ಥೆ. ಇದನ್ನು ಗಮನಿಸುವವರು ಕಡಿಮೆ. ಟಿಕೆಟ್ ಸಂಖ್ಯೆಯಲ್ಲಿ 13 ಅಂಕಿಗಳಿರುತ್ತವೆ. ಮೊದಲ ಮೂರು ಅಂಕಿಗಳು ಅದನ್ನು ನೀಡಿದ ಸಂಸ್ಥೆಯ ಗುರುತು: 098 ಎಂದರೆ ಏರ್ ಇಂಡಿಯಾ, 220 ಎಂದರೆ ಲುಫ್ತಾನ್ಸಾ, 016 ಎಂದರೆ ಯುನೈಟೆಡ್.

ಮೂರೂ ಒಂದೇ ಆಗಿದ್ದರೆ ಗೊಂದಲವಿಲ್ಲ. ಬೇರೆಬೇರೆಯಾದಾಗ, ಪ್ರಯಾಣಿಕನ ಒಂದೊಂದು ಪ್ರಶ್ನೆಗೂ ಒಂದೊಂದು ಗುರುತು ಉತ್ತರ ಕೊಡುತ್ತದೆ. ಮೊದಲು ಮೈಲಿಗಳ ವಿಷಯವನ್ನು ನೋಡೋಣ.

ಮೈಲಿ ಅಳೆಯುವ ಬಗೆ

ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ಆರಂಭಿಸಿದ ‘ಎಅಡ್ವಾಂಟೇಜ್’ ಯೋಜನೆ ಇಂದಿನ ಫ್ರೀಕ್ವೆಂಟ್ ಫ್ಲೈಯರ್ ಯೋಜನೆಗಳಿಗೆ ಮಾದರಿಯಾಯಿತು. ಹಾರಿದ ದೂರವನ್ನು ಖಾತೆಗೆ ಜಮಾ ಮಾಡಿ, ಸಾಕಷ್ಟು ಸೇರಿದಾಗ ಉಚಿತ ಟಿಕೆಟ್ ಕೊಡುವುದು ಅದರ ಮೂಲ ಕಲ್ಪನೆ.

ಈ ದೂರ ವಿಮಾನ ನಿಜವಾಗಿ ಸಾಗಿದ ದಾರಿಯದಲ್ಲ. ಗಾಳಿ, ಬಿರುಗಾಳಿ, ಮುಚ್ಚಿದ ವಾಯುಪ್ರದೇಶ ಇವುಗಳಿಂದಾಗಿ ದಾರಿ ದಿನದಿನಕ್ಕೂ ಬದಲಾಗುತ್ತದೆ. ಲೆಕ್ಕಕ್ಕೆ ಹಿಡಿಯುವುದು ಎರಡು ನಿಲ್ದಾಣಗಳ ನಡುವಿನ ಮಹಾವೃತ್ತದ ದೂರವನ್ನು. ಗೋಳದ ಮೇಲಿನ ಎರಡು ಬಿಂದುಗಳ ಮೂಲಕ, ಗೋಳದ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತವನ್ನು ಎಳೆದರೆ ಅದೇ ಮಹಾವೃತ್ತ. ಗೋಳದ ಮೈಮೇಲೆ ಆ ಬಿಂದುಗಳ ನಡುವಿನ ಅತಿ ಕಡಿಮೆ ದೂರ ಅದರ ಕಂಸದ ಉದ್ದ.

ಇದನ್ನು ನೀವೇ ಲೆಕ್ಕ ಹಾಕಬಹುದು. ಎರಡು ಸ್ಥಳಗಳ ಅಕ್ಷಾಂಶಗಳು ಅ1 ಮತ್ತು ಅ2, ರೇಖಾಂಶಗಳ ವ್ಯತ್ಯಾಸ ರ, ಭೂಕೇಂದ್ರದಲ್ಲಿ ಅವು ಮಾಡುವ ಕೋನ ಕ ಆಗಿರಲಿ. ಆಗ,

ಕೊಸೈನ್ ಕ = (ಸೈನ್ ಅ1 × ಸೈನ್ ಅ2) + (ಕೊಸೈನ್ ಅ1 × ಕೊಸೈನ್ ಅ2 × ಕೊಸೈನ್ ರ)

ಬೆಂಗಳೂರು ನಿಲ್ದಾಣದ ಅಕ್ಷಾಂಶ 13.20 ಡಿಗ್ರಿ ಉತ್ತರ, ರೇಖಾಂಶ 77.71 ಡಿಗ್ರಿ ಪೂರ್ವ. ಫ್ರಾಂಕ್‌ಫರ್ಟಿನದು 50.03 ಡಿಗ್ರಿ ಉತ್ತರ, 8.57 ಡಿಗ್ರಿ ಪೂರ್ವ. ಈ ಬೆಲೆಗಳನ್ನು ಹಾಕಿದರೆ ಕೊಸೈನ್ ಕ ಸುಮಾರು 0.398, ಕೋನ ಸುಮಾರು 66.56 ಡಿಗ್ರಿ. ಭೂಮಿಯ ಸರಾಸರಿ ತ್ರಿಜ್ಯ 6371 ಕಿ.ಮೀ. ಆದ್ದರಿಂದ ಒಂದು ಡಿಗ್ರಿಗೆ 111.2 ಕಿ.ಮೀ. ಅಂದರೆ ದೂರ ಸುಮಾರು 7400 ಕಿ.ಮೀ. ಇದನ್ನು 1.609ರಿಂದ ಭಾಗಿಸಿದರೆ 4600 ಮೈಲಿ. ಹೀಗೆಯೇ ಫ್ರಾಂಕ್‌ಫರ್ಟಿನಿಂದ ಷಿಕಾಗೊ ಸುಮಾರು 4330 ಮೈಲಿ. ಬೆಂಗಳೂರಿನಿಂದ ಷಿಕಾಗೊಗೆ ಈ ದಾರಿಯಲ್ಲಿ ಹೋಗಿಬಂದರೆ ಒಟ್ಟು 17,860 ಮೈಲಿ.

ಅಷ್ಟೂ ಖಾತೆಗೆ ಬರುತ್ತದೆಯೆ? ಇಲ್ಲ. ಟಿಕೆಟ್ಟಿನಲ್ಲಿ ದರದ ವರ್ಗವನ್ನು ಸೂಚಿಸುವ ಒಂದು ಅಕ್ಷರವಿರುತ್ತದೆ. ದುಬಾರಿ ವರ್ಗಗಳಿಗೆ ಶೇ. 100 ಅಥವಾ ಹೆಚ್ಚು, ಅಗ್ಗದ ವರ್ಗಗಳಿಗೆ ಶೇ. 50 ಅಥವಾ 25, ಕೆಲವಕ್ಕೆ ಸೊನ್ನೆ! ಒಂದು ಸಂಸ್ಥೆಯಲ್ಲಿ ಪೂರ್ಣ ಮೈಲಿ ಕೊಡುವ ಅಕ್ಷರ ಇನ್ನೊಂದರಲ್ಲಿ ಅರ್ಧ ಕೊಡಬಹುದು. ಕೋಡ್‌ಶೇರ್ ವಿಮಾನದಲ್ಲಿ ಯಾರ ಅಕ್ಷರವನ್ನು ಲೆಕ್ಕಕ್ಕೆ ಹಿಡಿಯಬೇಕು, ಮಾರಿದವರದೋ ಹಾರಿಸಿದವರದೋ, ಎಂಬುದನ್ನು ಆಯಾ ಯೋಜನೆಯ ನಿಯಮ ನಿರ್ಧರಿಸುತ್ತದೆ.

ದೂರದಿಂದ ಹಣಕ್ಕೆ

ಕಳೆದ ದಶಕದಲ್ಲಿ ಇನ್ನೊಂದು ಬದಲಾವಣೆ ಬಂತು. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್, 2016ರಲ್ಲಿ ಅಮೆರಿಕನ್, 2018ರಲ್ಲಿ ಲುಫ್ತಾನ್ಸಾ ಭಾಗಿಯಾಗಿರುವ ‘ಮೈಲ್ಸ್ ಅಂಡ್ ಮೋರ್’ ಯೋಜನೆ ದೂರವನ್ನು ಬಿಟ್ಟು, ಕೊಟ್ಟ ಹಣಕ್ಕೆ ತಕ್ಕಂತೆ ಮೈಲಿ ಕೊಡಲಾರಂಭಿಸಿದವು. ಏರ್ ಇಂಡಿಯಾ ಕೂಡ 2024ರಲ್ಲಿ ಇದೇ ಹಾದಿ ಹಿಡಿಯಿತು. ಮೈಲಿ ಎಂಬ ಹೆಸರು ಉಳಿಯಿತು. ಅದು ದೂರದ ಮಾನವಾಗಿ ಉಳಿಯಲಿಲ್ಲ.

ಆದರೆ ಹಣದ ಲೆಕ್ಕ ಹಾಕಲು ಟಿಕೆಟ್ಟಿನ ಬೆಲೆ ಸಂಸ್ಥೆಗೆ ತಿಳಿದಿರಬೇಕು. ಪಾಲುದಾರ ಸಂಸ್ಥೆ ನೀಡಿದ ಟಿಕೆಟ್ಟಿನ ಬೆಲೆ ಸಾಮಾನ್ಯವಾಗಿ ಅದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಯುನೈಟೆಡ್‌ನಂಥ ಯೋಜನೆಗಳಲ್ಲಿ ತಾನೇ ನೀಡಿದ ಟಿಕೆಟ್ಟಿಗೆ ಹಣದ ಲೆಕ್ಕ, ಪಾಲುದಾರರು ನೀಡಿದ ಟಿಕೆಟ್ಟಿಗೆ ಹಳೆಯ ದೂರದ ಲೆಕ್ಕ ಎಂಬ ಎರಡು ಪದ್ಧತಿಗಳು ಜೊತೆಜೊತೆಗೆ ಬಂದವು. ಟಿಕೆಟ್ ಸಂಖ್ಯೆಯ ಮೊದಲ ಮೂರು ಅಂಕಿಗಳಿಗೆ ಮಹತ್ವ ಬಂದದ್ದು ಹೀಗೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೇಲಿನ ಬೆಂಗಳೂರು-ಷಿಕಾಗೊ ಪ್ರಯಾಣದ ದರ, ತೆರಿಗೆ ಬಿಟ್ಟು, 600 ಡಾಲರ್ ಎಂದಿರಲಿ. ಯುನೈಟೆಡ್ 2015ರಲ್ಲಿ ಸಾಮಾನ್ಯ ಸದಸ್ಯರಿಗೆ ಗೊತ್ತುಪಡಿಸಿದ್ದು ಡಾಲರಿಗೆ 5 ಮೈಲಿ. ಆ ಲೆಕ್ಕದಲ್ಲಿ 3000 ಮೈಲಿ ಸಿಗುತ್ತದೆ. ಅದೇ ಆಸನಗಳಿಗೆ ಪಾಲುದಾರ ಸಂಸ್ಥೆ ಟಿಕೆಟ್ ನೀಡಿ, ಆ ವರ್ಗಕ್ಕೆ ಶೇ. 50 ಎಂದಿದ್ದರೆ 17,860ರ ಅರ್ಧ, ಅಂದರೆ 8930 ಮೈಲಿ. ಸುಮಾರು ಮೂರು ಪಟ್ಟು!

ಎರಡೂ ಪದ್ಧತಿ ಸಮನಾಗುವ ಬಿಂದುವನ್ನು ಕಂಡುಹಿಡಿಯುವುದು ಸುಲಭ. ಶೇಕಡಾವಾರನ್ನು ಡಾಲರಿಗೆ ಸಿಗುವ ಮೈಲಿಗಳಿಂದ ಭಾಗಿಸಿ: 0.5 ಭಾಗಿಸು 5, ಅಂದರೆ 0.1. ಪ್ರಯಾಣದ ದರ ಮೈಲಿಗೆ 10 ಸೆಂಟಿಗಿಂತ ಕಡಿಮೆ ಇದ್ದರೆ ದೂರದ ಲೆಕ್ಕ ಲಾಭಕರ. ಹೆಚ್ಚಿದ್ದರೆ ಹಣದ ಲೆಕ್ಕ. ನಮ್ಮ ಉದಾಹರಣೆಯಲ್ಲಿ ಆ ಗಡಿ 1786 ಡಾಲರ್. ದೂರದ ಊರಿಗೆ ಅಗ್ಗದ ಟಿಕೆಟ್ಟಿನಲ್ಲಿ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಈ ಗಡಿಯ ಕೆಳಗೇ ಇರುತ್ತಾರೆ.

ತಡವಾದರೆ ಹೊಣೆ ಯಾರದು?

ಮೈಲಿ ಬರದಿದ್ದರೆ ದೊಡ್ಡ ನಷ್ಟವೇನಿಲ್ಲ. ವಿಮಾನವೇ ಬರದಿದ್ದರೆ? ಇಲ್ಲಿ ಎರಡನೆಯ ಗುರುತು, ಅಂದರೆ ಹಾರಿಸುವ ಸಂಸ್ಥೆ, ಮುಖ್ಯವಾಗುತ್ತದೆ.

ಯುರೋಪಿಯನ್ ಒಕ್ಕೂಟದ 2004ರ 261ನೆಯ ನಿಯಮದಂತೆ, ರದ್ದತಿ ಅಥವಾ ದೀರ್ಘ ವಿಳಂಬಕ್ಕೆ ದೂರದ ಪ್ರಯಾಣಗಳಲ್ಲಿ 600 ಯೂರೊವರೆಗೆ ಪರಿಹಾರವುಂಟು. ಇಲ್ಲಿಯೂ ದೂರ ಅಳೆಯುವುದು ಮಹಾವೃತ್ತದ ಮೇಲೆಯೇ. (ಈ ನಿಯಮದ ತಿದ್ದುಪಡಿಯ ಬಗ್ಗೆ 2025ರಲ್ಲಿ ಒಕ್ಕೂಟದಲ್ಲಿ ಚರ್ಚೆ ನಡೆಯಿತು.) ಒಕ್ಕೂಟದಿಂದ ಹೊರಡುವ ಎಲ್ಲ ವಿಮಾನಗಳಿಗೂ ಇದು ಅನ್ವಯ. ಆದರೆ ಹೊರಗಿನಿಂದ ಒಕ್ಕೂಟಕ್ಕೆ ಬರುವಾಗ, ಹಾರಿಸುವ ಸಂಸ್ಥೆ ಒಕ್ಕೂಟದ್ದೇ ಆಗಿದ್ದರೆ ಮಾತ್ರ. ಹೀಗಾಗಿ ಭಾರತದಿಂದ ಫ್ರಾಂಕ್‌ಫರ್ಟಿಗೆ ಲುಫ್ತಾನ್ಸಾ ಹಾರಿಸುವ ವಿಮಾನಕ್ಕೆ, ಟಿಕೆಟ್ಟಿನ ಮೇಲೆ ಯಾವ ಕೋಡ್ ಇದ್ದರೂ, ಈ ರಕ್ಷಣೆ ಇದೆ. ‘ಎಲ್‌ಎಚ್’ ಕೋಡಿನಲ್ಲಿ ಕೊಂಡರೂ ಹಾರಿಸುವುದು ಏರ್ ಇಂಡಿಯಾ ಆಗಿದ್ದರೆ ಇಲ್ಲ.

ಎರಡು ವಿಮಾನಗಳ ಪ್ರಯಾಣವಾದರೆ? ಚೆಕ್ ಏರ್‌ಲೈನ್ಸ್‌ನಿಂದ ಟಿಕೆಟ್ ಕೊಂಡ 11 ಪ್ರಯಾಣಿಕರು ಪ್ರಾಗ್‌ನಿಂದ ಅಬುಧಾಬಿ ಮೂಲಕ ಬ್ಯಾಂಕಾಕ್‌ಗೆ ಹೊರಟಿದ್ದರು. ಚೆಕ್ ಸಂಸ್ಥೆ ಹಾರಿಸಿದ ಮೊದಲ ವಿಮಾನ ಸಮಯಕ್ಕೆ ತಲುಪಿತು. ಕೋಡ್‌ಶೇರ್‌ನಲ್ಲಿ ಎತಿಹಾದ್ ಹಾರಿಸಿದ ಎರಡನೆಯದು ಬ್ಯಾಂಕಾಕ್ ಸೇರಿದ್ದು 488 ನಿಮಿಷ ತಡವಾಗಿ. ಯುರೋಪಿನ ನ್ಯಾಯಾಲಯ 2019ರ ಜುಲೈನಲ್ಲಿ, ಒಂದೇ ಬುಕಿಂಗ್‌ನ ಪ್ರಯಾಣವನ್ನು ಇಡಿಯಾಗಿ ನೋಡಬೇಕು, ಪರಿಹಾರದ ಹೊಣೆ ಮೊದಲ ವಿಮಾನ ಹಾರಿಸಿದ ಸಂಸ್ಥೆಯದೂ ಹೌದು ಎಂದು ತೀರ್ಪಿತ್ತಿತು.

ಅಂತರರಾಷ್ಟ್ರೀಯ ಪ್ರಯಾಣಗಳಿಗೆ 1999ರ ಮಾಂಟ್ರಿಯಲ್ ಒಪ್ಪಂದವೂ ಇದೆ. ಭಾರತ 2009ರಲ್ಲಿ ಅದಕ್ಕೆ ಸೇರಿತು. ಇದರಂತೆ ಟಿಕೆಟ್ಟಿನ ಕರಾರು ಮಾಡಿಕೊಂಡ ಸಂಸ್ಥೆ ಮತ್ತು ನಿಜವಾಗಿ ಹಾರಿಸಿದ ಸಂಸ್ಥೆ, ಇಬ್ಬರಲ್ಲಿ ಯಾರ ಮೇಲಾದರೂ ಪ್ರಯಾಣಿಕ ದಾವೆ ಹೂಡಬಹುದು. ‘ಅವರನ್ನು ಕೇಳಿ’ ಎಂದು ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದರೆ ಸುಮ್ಮನಾಗಬೇಕಿಲ್ಲ.

ಹಾರಿಸುವವರ ಹೆಸರನ್ನು ತಿಳಿಯುವುದು ಹಣದ ಪ್ರಶ್ನೆ ಮಾತ್ರವಲ್ಲ. 2009ರ ಫೆಬ್ರವರಿ 12ರ ರಾತ್ರಿ ಅಮೆರಿಕದ ಬಫಲೊ ನಗರದ ಬಳಿ ಒಂದು ವಿಮಾನ ಬಿದ್ದು 50 ಮಂದಿ ಸತ್ತರು. ಪ್ರಯಾಣಿಕರು ಕೊಂಡಿದ್ದು ಕಾಂಟಿನೆಂಟಲ್ ಹೆಸರಿನ ಟಿಕೆಟ್. ವಿಮಾನ ಹಾರಿಸಿದ್ದು ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಸಂಸ್ಥೆ. ಹಾರಿಸುವ ಸಂಸ್ಥೆಯ ಹೆಸರು ತಿಳಿಸಬೇಕೆಂಬ ನಿಯಮ ಅಲ್ಲಿ 1999ರಲ್ಲೇ ಬಂದಿತ್ತು. ದುರಂತದ ಬಳಿಕ, 2010ರ ಕಾನೂನು ಅದನ್ನು ಬಿಗಿಗೊಳಿಸಿತು: ಟಿಕೆಟ್ ಮಾರುವ ಜಾಲತಾಣದಲ್ಲಿ ವಿಮಾನಗಳ ಪಟ್ಟಿ ಮೊದಲ ಬಾರಿ ಕಾಣಿಸುವಾಗಲೇ ಆ ಹೆಸರು ಇರಬೇಕು.

ಮೈಲಿಗಳ ಆಯುಸ್ಸು

ಜಮೆಯಾದ ಮೈಲಿ ಬ್ಯಾಂಕಿನ ಠೇವಣಿಯಂತಲ್ಲ. ಬೆಂಗಳೂರಿನ ಕಿಂಗ್‌ಫಿಷರ್ 2012ರ ಫೆಬ್ರವರಿಯಲ್ಲಿ ಒನ್‌ವರ್ಲ್ಡ್ ಕೂಟ ಸೇರಬೇಕಿತ್ತು. ಅದು ಮುಂದಕ್ಕೆ ಹೋಯಿತು. ಅದೇ ಅಕ್ಟೋಬರಿನಲ್ಲಿ ಹಾರಾಟವೇ ನಿಂತಿತು. ಮೈಲಿ ಇದ್ದವರಿಗೆ ಹಾರಲು ಅದರ ವಿಮಾನವಿರಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಾಗ ಅದರ ಮೈಲಿ ಯೋಜನೆ ಪ್ರತ್ಯೇಕ ಕಂಪನಿಯದಾಗಿದ್ದರಿಂದ ‘ಇಂಟರ್‌ಮೈಲ್ಸ್’ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. ವಿಸ್ತಾರ 2024ರ ನವೆಂಬರಿನಲ್ಲಿ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಸದಸ್ಯರ ಅಂಕಗಳು ಏರ್ ಇಂಡಿಯಾ ಯೋಜನೆಗೆ ವರ್ಗವಾದವು. ಮೂರು ಸಂಸ್ಥೆ, ಮೂರು ಬಗೆಯ ಗತಿ. ಆದ್ದರಿಂದ ಮೈಲಿಗಳನ್ನು ಕೂಡಿಡುವುದಕ್ಕಿಂತ ಬಳಸುವುದು ಜಾಣತನ.

ಟಿಕೆಟ್ ಕೊಳ್ಳುವ ಮುನ್ನ

1. ‘ಆಪರೇಟೆಡ್ ಬೈ’ ಎಂಬುದರ ಮುಂದಿನ ಹೆಸರನ್ನು ಪ್ರತಿ ತುಂಡು ಪ್ರಯಾಣಕ್ಕೂ ಓದಿ.

2. ಒಂದೇ ವಿಮಾನವನ್ನು ಬೇರೆ ಸಂಸ್ಥೆಯ ಕೋಡಿನಲ್ಲಿ ಎಷ್ಟಕ್ಕೆ ಮಾರುತ್ತಿದ್ದಾರೆ ಎಂದು ಹೋಲಿಸಿ. ದರ ಭಿನ್ನವಾಗಿರಬಹುದು.

3. ದರದ ವರ್ಗದ ಅಕ್ಷರವನ್ನು ಕೇಳಿ ತಿಳಿದು, ನಿಮ್ಮ ಯೋಜನೆಯ ಪಟ್ಟಿಯಲ್ಲಿ ಅದಕ್ಕೆ ಎಷ್ಟು ಮೈಲಿ ಎಂದು ನೋಡಿ. ಒಂದು ಹಾರಾಟದ ಮೈಲಿ ಒಂದೇ ಯೋಜನೆಗೆ ಜಮೆಯಾಗುತ್ತದೆ.

4. ಮೈಲಿ ಜಮೆಯಾಗುವವರೆಗೆ ಬೋರ್ಡಿಂಗ್ ಪಾಸ್ ಮತ್ತು 13 ಅಂಕಿಗಳ ಟಿಕೆಟ್ ಸಂಖ್ಯೆಯನ್ನು ಜೋಪಾನವಾಗಿಡಿ. ಗಡುವಿನೊಳಗೆ ಬೇಡಿಕೆ ಸಲ್ಲಿಸಲು ಅವು ಬೇಕು.

ಕೆಲವು ನೂರು ಮೈಲಿಗಳಿಗಾಗಿ ಸಾವಿರಾರು ರೂಪಾಯಿ ಹೆಚ್ಚು ತೆರುವುದರಲ್ಲಿ ಅರ್ಥವಿಲ್ಲ. ಆದರೆ ಎರಡು ಕೋಡ್‌ಗಳ ದರ ಸಮನಾಗಿದ್ದಾಗ ಯಾವುದನ್ನು ಆರಿಸಬೇಕೆಂಬುದಕ್ಕೆ ಈ ಮೂರು ಗುರುತುಗಳೇ ಸಾಕಷ್ಟು ಮಾಹಿತಿ ಕೊಡುತ್ತವೆ. ಅವೆಲ್ಲವೂ ಟಿಕೆಟ್ಟಿನಲ್ಲೇ ಅಚ್ಚಾಗಿರುತ್ತವೆ.