ಮನೆಯೊಳಗಿನ ಹಿಂಸೆಯೂ ಪೋಲೀಸರ ಕರ್ತವ್ಯವೂ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವುದು. ಮಾತಿಗೆ ಮಾತು ಬೆಳೆದು ತಾನಾಗಿಯೇ ಶಾಂತವಾಗುವ ಜಗಳಕ್ಕೆ ಅದು ಒಪ್ಪೀತು. ಆದರೆ ಪೆಟ್ಟು ತಿಂದು ಠಾಣೆಯ ಮೆಟ್ಟಿಲೇರಿದ ಹೆಂಗಸಿಗೂ ಇದನ್ನೇ ನುಡಿದು, ಗಂಡನಿಂದ ಒಂದು ಮುಚ್ಚಳಿಕೆ ಬರೆಯಿಸಿಕೊಂಡು, "ಹೊಂದಿಕೊಂಡು ಹೋಗಮ್ಮ" ಎಂದು ಹೊಡೆದವನ ಕೈಗೇ ಆಕೆಯನ್ನು ಮರಳಿ ಒಪ್ಪಿಸುವುದು ವಿವೇಕವಲ್ಲ; ಕರ್ತವ್ಯಲೋಪವು.

ಇದು ಎಲ್ಲಿಯೋ ಒಂದೆರಡು ಮನೆಗಳ ಮಾತೆಂದು ವಾಚಕರು ಭಾವಿಸಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ 44 ಮಂದಿ ಒಂದಿಲ್ಲೊಂದು ಕಾಲದಲ್ಲಿ ಪತಿಯ ಹಿಂಸೆಗೆ ಗುರಿಯಾದವರು. ಆ ಸಮೀಕ್ಷೆಯಲ್ಲಿ ಬೇರಾವ ರಾಜ್ಯದ ಅಂಕೆಯೂ ಇಷ್ಟಿರಲಿಲ್ಲ. ಅಕ್ಕಮಹಾದೇವಿಯ ನಾಡಿನವರೆಂದು ಹೆಮ್ಮೆಪಡುವ ನಾವು ಈ ಅಂಕೆಯ ಮುಂದೆ ತಲೆತಗ್ಗಿಸಬೇಕಾಗಿದೆ.

ಕಾನೂನಿನ ಕೊರತೆಯಂತೂ ಇಲ್ಲ. 2005ರಲ್ಲಿ ಅಂಗೀಕೃತವಾಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ಹಿಂಸಾಚಾರ ಕಾಯಿದೆಯ 5ನೆಯ ಕಲಮು ಪೋಲೀಸರ ಕರ್ತವ್ಯವನ್ನು ಸ್ಪಷ್ಟವಾಗಿ ಹೇಳಿದೆ. ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆಜ್ಞೆಯನ್ನು ಬೇಡುವ ಹಕ್ಕು, ಸಂರಕ್ಷಣಾಧಿಕಾರಿಯ ನೆರವು, ಉಚಿತ ಕಾನೂನು ಸಹಾಯ, ಫೌಜದಾರಿ ಫಿರ್ಯಾದು ಕೊಡುವ ಹಕ್ಕು, ಇವೆಲ್ಲವನ್ನೂ ಅವರು ಪೀಡಿತಳಿಗೆ ತಿಳಿಸಲೇಬೇಕು. ಗಂಡನ ಅಥವಾ ಅವನ ಬಂಧುಗಳ ಕ್ರೌರ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಿನಂತೆ 3 ವರ್ಷಗಳವರೆಗೆ ಸೆರೆಮನೆಯುಂಟು. ತವರಿಗೆ ಓಡಿಬಂದವಳಿಗೆ "ಗಂಡನ ಊರಿನ ಠಾಣೆಗೆ ಹೋಗು" ಎನ್ನುವಂತೆಯೂ ಇಲ್ಲ. ಆಶ್ರಯ ಪಡೆದ ಊರಿನಲ್ಲಿಯೇ ಫಿರ್ಯಾದು ಕೊಡಬಹುದೆಂದು ಸುಪ್ರೀಂ ಕೋರ್ಟು 2019ರಲ್ಲಿ ತೀರ್ಮಾನಿಸಿದೆ.

ಆದಕಾರಣ, 112ಕ್ಕೆ ಕರೆ ಬಂದು ಮನೆಯ ಬಾಗಿಲಿಗೆ ಹೋದ ಪೋಲೀಸರು ಮೊದಲು ಇಬ್ಬರನ್ನೂ ಬೇರ್ಪಡಿಸಿ, ಹೆಂಗಸನ್ನು ಏಕಾಂತದಲ್ಲಿ ವಿಚಾರಿಸಬೇಕು. ಗಂಡನೂ ಅತ್ತೆಯೂ ಎದುರಿಗೆ ನಿಂತಿರುವಾಗ ಆಕೆ "ಏನೂ ಆಗಿಲ್ಲ" ಎಂದರೆ ಅದನ್ನು ಸತ್ಯವೆಂದು ಬರೆದುಕೊಳ್ಳಲಾಗದು. ಗಾಯವನ್ನೂ ಒಡೆದ ಸಾಮಾನನ್ನೂ ನೋಡಬೇಕು; ಕುತ್ತಿಗೆ ಹಿಸುಕಿದ್ದಾನೆಯೇ ಎಂದು ತಪ್ಪದೆ ಕೇಳಬೇಕು, ಏಕೆಂದರೆ ಅದು ಮುಂದಿನ ಕೊಲೆಯ ಮುನ್ಸೂಚನೆಯಾಗಬಹುದು. ಮಕ್ಕಳ ಸ್ಥಿತಿಯನ್ನು ಅರಿತು, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಬೇಕು. ಫಿರ್ಯಾದು ಬರದಿದ್ದರೂ ಕರೆಯ ವಿವರವು ದಾಖಲೆಯಲ್ಲಿ ನಿಲ್ಲಬೇಕು. ಎರಡನೆಯ ಸಲ ಕರೆ ಬಂದಾಗ ಮೊದಲನೆಯದರ ಗುರುತೇ ಇಲ್ಲದಿದ್ದರೆ ಅಪಾಯದ ಅಳತೆ ಆಗುವುದೆಂತು?

ಸುಳ್ಳು ಫಿರ್ಯಾದುಗಳ ಭಯವನ್ನು ಕೆಲವರು ಮುಂದೊಡ್ಡುವರು. ವಿಚಾರವಿಲ್ಲದೆ ಬಂಧಿಸಬಾರದೆಂದು ಸುಪ್ರೀಂ ಕೋರ್ಟು 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ವಿಧಿಸಿದ್ದು ನ್ಯಾಯವೇ ಸರಿ. ಆದರೆ ಬಂಧನ ಬೇರೆ, ಫಿರ್ಯಾದನ್ನು ದಾಖಲಿಸುವುದು ಬೇರೆ. ಬಂಧನಕ್ಕೆ ಹಾಕಿದ ಕಡಿವಾಣವನ್ನು ನಿಷ್ಕ್ರಿಯತೆಗೆ ಅಪ್ಪಣೆಯೆಂದು ಓದಿಕೊಳ್ಳಬಾರದು.

ಸಂಸಾರವನ್ನು ಉಳಿಸುವುದು ಪುಣ್ಯಕಾರ್ಯವೇ ಇರಬಹುದು. ಅದು ಪೋಲೀಸರ ಕೆಲಸವಲ್ಲ. ಪ್ರಾಣವನ್ನು ಉಳಿಸುವುದು ಅವರ ಕೆಲಸವು.