ಬಾಲದ ಲೆಕ್ಕದಿಂದ ನಾಡಿಯ ಲೆಕ್ಕಕ್ಕೆ

1760ರ ಆಗಸ್ಟ್ 12. ಶ್ರೀರಂಗಪಟ್ಟಣದಲ್ಲಿ ಹೈದರಾಲಿಯ ಕಥೆ ಮುಗಿಯುವ ಹಂತಕ್ಕೆ ಬಂದಿತ್ತು. ಅವನೇ ಬೆಳೆಸಿದ್ದ ಖಂಡೇರಾಯ ತಿರುಗಿಬಿದ್ದಿದ್ದ. ಕತ್ತಲಾದ ಮೇಲೆ ಹೈದರ್ ಮನೆಯವರನ್ನು ಅಲ್ಲೇ ಬಿಟ್ಟು, ಸಿಕ್ಕಷ್ಟು ಸವಾರರೊಂದಿಗೆ ಕಾವೇರಿ ದಾಟಿ ಆನೇಕಲ್ಲಿನ ದಾರಿ ಹಿಡಿದ. ಅಲ್ಲಿಂದ ಮುಂದೆ ಬೆಂಗಳೂರು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಈ ಓಟದ ಲೆಕ್ಕವನ್ನೂ ಕೊಟ್ಟಿದ್ದಾನೆ: 20 ಗಂಟೆಯಲ್ಲಿ 98 ಮೈಲಿ, ಅದರಲ್ಲಿ ಮೊದಲ 75 ಮೈಲಿ ಒಂದೇ ಕುದುರೆಯ ಮೇಲೆ.

75 ಮೈಲಿ ಎಂದರೆ 120 ಕಿಲೋಮೀಟರ್. ಎಂಡ್ಯೂರೆನ್ಸ್ ರೈಡಿಂಗ್ ಎಂಬ ದೂರದ ಸವಾರಿಯ ಸ್ಪರ್ಧೆಯಲ್ಲಿ ಕಿರಿಯ ಸವಾರರಿಗೆ ವಿಶ್ವ ಚಾಂಪಿಯನ್‌ಷಿಪ್ ನಡೆಯುವುದು ಇದೇ ದೂರಕ್ಕೆ. ಹಿರಿಯರಿಗೆ 160 ಕಿ.ಮೀ., ಅದೂ ಒಂದೇ ದಿನದಲ್ಲಿ. ಆದರೆ ಹೈದರನ ಓಟಕ್ಕೂ ಈ ಸ್ಪರ್ಧೆಗೂ ನಡುವೆ ಒಂದು ದೊಡ್ಡ ಅಂತರವಿದೆ. ವಿಲ್ಕ್ಸ್‌ನ ಕಥೆ ಸವಾರನ ಜೊತೆ ಬೆಂಗಳೂರಿಗೆ ಹೋಗುತ್ತದೆ, ಕುದುರೆ ಆನೇಕಲ್ಲಿನಲ್ಲೇ ಉಳಿದುಬಿಡುತ್ತದೆ. ಇವತ್ತಿನ ಸ್ಪರ್ಧೆ ಶುರುವಾಗುವುದೇ ಆ ಕುದುರೆಯನ್ನು ವಿಚಾರಿಸುವುದರಿಂದ.

ದಾರಿಯನ್ನು ಸುತ್ತುಗಳಾಗಿ ವಿಂಗಡಿಸಿರುತ್ತಾರೆ. ಒಂದು ಸುತ್ತು 40 ಕಿ.ಮೀ. ಮೀರುವುದಿಲ್ಲ. ಪ್ರತಿ ಸುತ್ತು ಮುಗಿದಾಗಲೂ ಕುದುರೆ ಪಶುವೈದ್ಯರ ಮುಂದೆ ನಿಲ್ಲಬೇಕು. ಒಳಗೆ ಬಂದ ಹದಿನೈದು ಇಪ್ಪತ್ತು ನಿಮಿಷಗಳೊಳಗೆ ಅದರ ಎದೆಬಡಿತ ನಿಮಿಷಕ್ಕೆ 64ಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಅಲ್ಲಿಗೆ ಆಟ ಮುಗಿಯಿತು. ಇಳಿದರೂ ವೈದ್ಯರು ವಸಡಿನ ಬಣ್ಣ ನೋಡುತ್ತಾರೆ, ಚರ್ಮ ಚಿವುಟಿ ನೀರಿನಂಶ ಪರೀಕ್ಷಿಸುತ್ತಾರೆ, ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಕರುಳಿನ ಸದ್ದು ಕೇಳುತ್ತಾರೆ, ಗಟ್ಟಿ ನೆಲದ ಮೇಲೆ ಟ್ರಾಟ್ ಎಂಬ ಕುಕ್ಕುಲೋಟದಲ್ಲಿ ಓಡಿಸಿ ಕುಂಟುತ್ತಿದೆಯೇ ಎಂದು ಗಮನಿಸುತ್ತಾರೆ. ಮೊದಲಿಗನಾಗಿ ಗೆರೆ ದಾಟಿದವನ ಕುದುರೆ ಕೊನೆಯ ಪರೀಕ್ಷೆಯಲ್ಲಿ ಕುಂಟಿದರೆ ಅವನಿಗೆ ಸ್ಥಾನವೇ ಇಲ್ಲ. ಕುದುರೆಯ ಮೇಲೆ ಕೂತವನ ಮಾತಿಗಿಂತ ಪಕ್ಕದಲ್ಲಿ ನಿಂತ ವೈದ್ಯನ ಮಾತು ಮೇಲೆ ನಡೆಯುವ ಕ್ರೀಡೆ ಇದು. ಈ ಅಧಿಕಾರ ಹೇಗೆ ಹುಟ್ಟಿತು ಎಂಬುದೇ ಈ ಕ್ರೀಡೆಯ ಚರಿತ್ರೆ ಎಂದು ನಾನು ನಂಬುತ್ತೇನೆ. ಅದರ ಬಹುಭಾಗ ನಮ್ಮ ನೆಲದ ಮೇಲೆಯೇ ಹಾದುಹೋಗಿದೆ.

ದೂರದ ಅಂದಾಜಿಗೆ ನಮ್ಮ ಕಡೆಯ ದಾರಿಯನ್ನೇ ತೆಗೆದುಕೊಳ್ಳಿ. ಮೈಸೂರಿನಿಂದ ನಂಜನಗೂಡಿಗೆ ಹೋಗುವಾಗ ಕಡಕೊಳದ ಆಸುಪಾಸಿನಲ್ಲಿ ತಾಂಡ್ಯ ಸಿಗುತ್ತದೆ. ಈಗ ಆ ಹೆಸರು ಹೇಳಿದರೆ ಕೈಗಾರಿಕಾ ಪ್ರದೇಶ, ಪಾಳಿ ಬದಲಾಗುವ ಹೊತ್ತಿನ ಬಸ್ಸುಗಳು, ಲಾರಿಗಳ ಸಾಲು ನೆನಪಾಗುತ್ತವೆ. ಕಾರ್ಖಾನೆಗಳ ಬೆನ್ನಿಗೇ ಹೊಲಗಳಿವೆ. ಅಲ್ಲಿಂದ ನಂಜನಗೂಡು, ಕಪಿಲೆಯ ದಂಡೆಯ ಸುತ್ತೂರು, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರ, ಮತ್ತೆ ಮೈಸೂರು ಕಡೆಗೆ ತಿರುಗಿ ತಾಂಡ್ಯ. ಈ ಒಂದು ಸುತ್ತು 90 ಕಿ.ಮೀ. ಆಸುಪಾಸು ಆಗುತ್ತದೆ. 160 ಕಿ.ಮೀ. ಎಂದರೆ ಹೆಚ್ಚುಕಡಿಮೆ ಎರಡು ಸಲ ಸುತ್ತಿ ಬಂದಂತೆ. ಆ ಓಟದ ನಂತರ ಖಂಡೇರಾಯನ ಎದುರು ಹೈದರ್ ಸೋತು ಹಿಮ್ಮೆಟ್ಟಿದ್ದೂ ಇದೇ ನಂಜನಗೂಡಿನ ಸುತ್ತಿನ ಬಯಲಿನಲ್ಲಿ. ಅಲ್ಲಿಂದಲೂ ಎದ್ದು ಬಂದ ಆ ಮನುಷ್ಯ 1769ರ ಮಾರ್ಚಿನಲ್ಲಿ 6,000 ಸವಾರರನ್ನು ಕಟ್ಟಿಕೊಂಡು ಮೂರೂವರೆ ದಿನದಲ್ಲಿ 130 ಮೈಲಿ ಸಾಗಿ ಮದರಾಸಿನ ಹೊರವಲಯದ ಸೇಂಟ್ ಥಾಮಸ್ ಮೌಂಟ್ ಬಳಿ ನಿಂತ. ಮುಂದಿನ ತಿಂಗಳೇ ಇಂಗ್ಲಿಷರು ಒಪ್ಪಂದಕ್ಕೆ ಸಹಿ ಹಾಕಿದರು. ದೂರದ ಸವಾರಿ ಒಂದು ರಾಜ್ಯದ ಹಣೆಬರಹವನ್ನೇ ತಿದ್ದಿದ ನಿದರ್ಶನ ಅದು.

ಕುದುರೆಗಳಾದರೂ ಎಲ್ಲಿಂದ ಬಂದವು? ಕನ್ನಡ ನಾಡು ಆನೆಗೆ ತವರು, ಕುದುರೆಗಲ್ಲ. ಒಳ್ಳೆಯ ಕುದುರೆ ಕಡಲು ದಾಟಿಯೇ ಬರಬೇಕಿತ್ತು. ವಿಜಯನಗರದ ಕಾಲದಲ್ಲಿ ಹೊರ್ಮುಜ್‌ನಿಂದ ಹೊರಟ ಹಡಗುಗಳು ಅರಬ್ಬಿ ಕುದುರೆಗಳನ್ನು ಹೊತ್ತು ಭಟ್ಕಳ, ಹೊನ್ನಾವರಗಳಿಗೆ ಬರುತ್ತಿದ್ದವು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು ಈ ವ್ಯಾಪಾರವನ್ನು ತಮ್ಮ ಬಂದರಿಗೇ ಎಳೆದುಕೊಂಡರು. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಮೇಲೆ, ಹಜಾರ ರಾಮ ದೇಗುಲದ ಹೊರಗೋಡೆಯ ಮೇಲೆ ಕುದುರೆಗಳ ಸಾಲು ಇನ್ನೂ ನಡೆಯುತ್ತಲೇ ಇದೆ. ಪೋರ್ಚುಗೀಸ್ ಬರಹಗಾರ ನೂನಿಜ್ ಪ್ರಕಾರ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ. ಅದಕ್ಕೂ ಹಿಂದಿನ ಸಾಳುವ ನರಸಿಂಹನ ಕಾಲದ ಒಂದು ಸಂಗತಿಯನ್ನು ನೂನಿಜ್ ಹೇಳುತ್ತಾನೆ: ಸಾವಿರ ಪರ್ದಾವು ಚಿನ್ನದ ನಾಣ್ಯಕ್ಕೆ ಮೂರು ಕುದುರೆ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೆ ಸಾಕು, ಪೂರ್ತಿ ಹಣ.

ಎಷ್ಟು ಕುದುರೆ ಸಾಯುತ್ತಿದ್ದವು, ಬದುಕಿ ಬಂದ ಒಂದೊಂದಕ್ಕೂ ಎಷ್ಟು ಬೆಲೆ ಇತ್ತು ಎಂಬುದನ್ನು ಈ ಬಾಲದ ಲೆಕ್ಕ ಎರಡೂ ಕಡೆಯಿಂದ ಹೇಳುತ್ತದೆ. ಬಂದಿಳಿದ ಮೇಲೂ ಇಲ್ಲಿನ ಮಳೆ, ಹುಲ್ಲು, ರೋಗಗಳ ಎದುರು ಅವು ಹೆಚ್ಚು ಕಾಲ ನಿಲ್ಲುತ್ತಿರಲಿಲ್ಲ. ಆದ್ದರಿಂದಲೇ ಕುದುರೆಯನ್ನು ಉಳಿಸುವ ವಿದ್ಯೆಯೂ ಇಲ್ಲಿ ಬೆಳೆಯಿತು. ಸುಮಾರು 1400ರ ಹೊತ್ತಿಗೆ ಅಭಿನವಚಂದ್ರ ಕನ್ನಡದಲ್ಲೇ ಅಶ್ವವೈದ್ಯದ ಗ್ರಂಥ ಬರೆದ. ಟಿಪ್ಪುವಿನ ಕಾಲದಲ್ಲಿ ಕುಣಿಗಲ್ಲಿನಲ್ಲಿ ಕುದುರೆ ಸಾಕಣೆಯ ಫಾರಂ ಎದ್ದಿತು. ಆದರೂ ಹಡಗು ನಿಲ್ಲಲಿಲ್ಲ. 1824ರಲ್ಲಿ ಶಿರಾಜ್‌ನಿಂದ ಹದಿಹರೆಯದ ಆಗಾ ಅಲಿ ಅಸ್ಕರ್ ಕುದುರೆಗಳ ಹಿಂಡಿನೊಂದಿಗೆ ಬೆಂಗಳೂರಿಗೆ ಬಂದ. ದಂಡಿನ ಅಧಿಕಾರಿಗಳಿಗೂ ಮೈಸೂರಿನ ಅರಮನೆಗೂ ಕುದುರೆ ಮಾರಿ ಇಲ್ಲಿಯೇ ನೆಲೆ ನಿಂತ. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವನ ಹೆಸರಿನದು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವನ ಮೊಮ್ಮಗ. ಬೃಂದಾವನದ ಸೊಬಗಿಗಾಗಿ ನಾವು ನೆನೆಯುವ ದಿವಾನರ ಮನೆತನ ಈ ನಾಡಿಗೆ ಬಂದದ್ದು ಅರಬ್ಬಿ ಕುದುರೆಯ ಬೆನ್ನ ಮೇಲೆ ಎಂದರೆ ಹೆಚ್ಚಾಗದು.

ಆ ತಳಿಯನ್ನೇ ಜನ ಅಷ್ಟು ದೂರದಿಂದ ಯಾಕೆ ತಂದರು ಎಂಬುದಕ್ಕೆ ಉತ್ತರ ಅದರ ಮೈಯಲ್ಲಿದೆ. ಅರಬ್ಬಿ ದೊಡ್ಡ ಕುದುರೆಯಲ್ಲ. ಹದಿನಾಲ್ಕೂವರೆ, ಹದಿನೈದು ಮುಷ್ಟಿ ಎತ್ತರ, ಗಿಡ್ಡ ಬೆನ್ನು, ತೆಳು ಚರ್ಮ, ಅಗಲ ಮೂಗಿನ ಹೊಳ್ಳೆ. ದೊಡ್ಡ ಮೈ ಶಾಖವನ್ನು ಹಿಡಿದಿಡುತ್ತದೆ, ಸಣ್ಣ ಮೈ ಬೇಗ ಬಿಟ್ಟುಕೊಡುತ್ತದೆ. ಅದರ ಸ್ನಾಯುಗಳಲ್ಲಿ ನಿಧಾನವಾಗಿ, ಆದರೆ ದಣಿಯದೆ ದುಡಿಯುವ ಎಳೆಗಳ ಪಾಲು ಹೆಚ್ಚು. ಸ್ಫೋಟದಂಥ ವೇಗ ಥರೋಬ್ರೆಡ್‌ಗೆ ಒಲಿದರೆ, ಗಂಟೆಗಟ್ಟಲೆ ಒಂದೇ ಗತಿಯಲ್ಲಿ ಸಾಗುವ ಶಕ್ತಿ ಅರಬ್ಬಿಯದು.

ಇಷ್ಟೆಲ್ಲ ಇದ್ದರೂ ಈ ಶಕ್ತಿಗೆ ಮಿತಿ ಹಾಕಬೇಕೆಂಬ ಎಚ್ಚರ ಹುಟ್ಟಲು ಒಂದು ದುರಂತವೇ ಬೇಕಾಯಿತು. 1892ರ ಅಕ್ಟೋಬರಿನಲ್ಲಿ ಜರ್ಮನ್ ಮತ್ತು ಆಸ್ಟ್ರಿಯಾ–ಹಂಗೆರಿಯ ಸೇನಾಧಿಕಾರಿಗಳು ಬರ್ಲಿನ್, ವಿಯೆನ್ನಾಗಳ ನಡುವೆ ಪಂದ್ಯ ಕಟ್ಟಿದರು. ಸುಮಾರು 580 ಕಿ.ಮೀ. ದೂರ. ಕೌಂಟ್ ಸ್ಟಾರ್‌ಹೆಂಬರ್ಗ್ 71 ಗಂಟೆ ಚಿಲ್ಲರೆಯಲ್ಲಿ ಮುಟ್ಟಿ ಗೆದ್ದ. ಅವನ ಕುದುರೆ ಸತ್ತಿತು. ಇನ್ನೂ ಎಷ್ಟೋ ಕುದುರೆಗಳು ಸತ್ತವು. ಯುರೋಪು ಬೆಚ್ಚಿತು. ಅದೇ 1892ರಲ್ಲಿ ಮೈಸೂರಿನಲ್ಲಿ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ದಳ ರೂಪುಗೊಂಡಿತು. ಅದರ ಹಿಂದೆ ಸಿಲೇದಾರ ಪದ್ಧತಿಯ ದೊಡ್ಡ ಪರಂಪರೆಯಿತ್ತು. ಸಿಲೇದಾರನ ಕುದುರೆ ಅವನ ಸ್ವಂತದ್ದು. ಕುದುರೆ ಹೋದರೆ ಅನ್ನ ಹೋಯಿತು. ಕುದುರೆಯನ್ನು ಎಷ್ಟು ಓಡಿಸಬೇಕು, ಎಲ್ಲಿ ಇಳಿದು ಜೊತೆಗೆ ನಡೆಯಬೇಕು ಎಂಬುದನ್ನು ಅವನಿಗೆ ಕಲಿಸಿದ್ದು ಹೊಟ್ಟೆಪಾಡು.

ಮೈಸೂರು ಲ್ಯಾನ್ಸರ್ಸ್ 1914ರಲ್ಲಿ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ಪಟ್ಟಣ ಹಿಡಿದದ್ದನ್ನು ನಾವೆಲ್ಲ ಓದಿದ್ದೇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಹಿಂದು ಮುಂದಿನ ನಡಿಗೆ. ಸೆಪ್ಟೆಂಬರ್ 19ರಿಂದ ಅಕ್ಟೋಬರ್ 26ರವರೆಗೆ, 38 ದಿನಗಳಲ್ಲಿ, ಅವರಿದ್ದ ಐದನೇ ಅಶ್ವದಳ ವಿಭಾಗ 500 ಮೈಲಿಗೂ ಹೆಚ್ಚು ದೂರ ಸಾಗಿತು. ಕೊನೆಯ ದಿನ ಅಲೆಪ್ಪೊ ಪಕ್ಕದ ಹರಿತಾನಿನಲ್ಲಿ ಮೈಸೂರಿನವರು ಮತ್ತೆ ಈಟಿ ಹಿಡಿದು ನುಗ್ಗಿದರು. ಆ ಹೊತ್ತಿಗೆ ಭಾರತದ ದಳಗಳಲ್ಲಿ ಆಸ್ಟ್ರೇಲಿಯಾದ ವೇಲರ್ ಕುದುರೆಗಳದ್ದೇ ಮೇಲುಗೈ. ಅರಬ್ಬಿಯ ಸ್ವಂತ ನಾಡಿನಲ್ಲಿ, ಅರಬ್ಬಿಗೆ ಹುಟ್ಟಿಸಿದಂಥ ಕೆಲಸವನ್ನು ಬೇರೆ ತಳಿ ಮಾಡಿತು. 1953ರಲ್ಲಿ ಸಂಸ್ಥಾನಗಳ ಅಶ್ವದಳಗಳನ್ನು ಸೇರಿಸಿ 61ನೇ ಕ್ಯಾವಲ್ರಿ ಕಟ್ಟಿದಾಗ ಮೈಸೂರು ಲ್ಯಾನ್ಸರ್ಸ್‌ನ ಕೊಂಡಿ ಅದರೊಳಗೆ ಸೇರಿಕೊಂಡಿತು. ಮೈಸೂರಿನಲ್ಲಿ ಉಳಿದದ್ದು ದಸರೆಯ ಮೆರವಣಿಗೆಯಲ್ಲಿ, ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ನಾವು ನೋಡುವ ಅಶ್ವಾರೋಹಿ ಪೊಲೀಸ್ ದಳ.

ಮೊದಲ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ 1920ರಿಂದ 1922ರವರೆಗೆ, ಅಮೆರಿಕದಲ್ಲಿ 1919ರಿಂದ, ಐದು ದಿನಕ್ಕೆ 300 ಮೈಲಿಯ ಪರೀಕ್ಷೆಗಳು ನಡೆದವು. ಸೈನ್ಯಕ್ಕೆ ಯಾವ ತಳಿ ಒಳ್ಳೆಯದು ಎಂದು ತಿಳಿಯುವುದು ಉದ್ದೇಶ. ಅಮೆರಿಕದ ಮೊದಲ ಪರೀಕ್ಷೆ ಗೆದ್ದದ್ದು ರಾಮ್ಲಾ ಎಂಬ ಅರಬ್ಬಿ ಹೆಣ್ಣುಕುದುರೆ. ಅಷ್ಟರಲ್ಲಿ ಸೈನ್ಯಕ್ಕೆ ಕುದುರೆಯೇ ಬೇಡವಾಯಿತು. ಪರೀಕ್ಷೆ ಕ್ರೀಡೆಯಾಗಿ ಬದಲಾದದ್ದು 1955ರಲ್ಲಿ. ಕ್ಯಾಲಿಫೋರ್ನಿಯಾದ ವೆಂಡೆಲ್ ರಾಬಿ, ಬಂದೋಸ್ ಎಂಬ ತನ್ನ ಅರಬ್ಬಿ ಕುದುರೆಯ ಮೇಲೆ, ಇನ್ನು ನಾಲ್ವರ ಜೊತೆ ಸಿಯೆರಾ ನೆವಾಡಾ ಬೆಟ್ಟಗಳನ್ನು ಒಂದೇ ದಿನದಲ್ಲಿ 100 ಮೈಲಿ ದಾಟಿದ. ಟೆವಿಸ್ ಕಪ್ ಹೆಸರಿನಲ್ಲಿ ಅದು ಇವತ್ತಿಗೂ ನಡೆಯುತ್ತದೆ. 1964ರಿಂದ ಅಲ್ಲಿ ಇನ್ನೊಂದು ಬಟ್ಟಲು ಸೇರಿತು: ಮೊದಲು ಮುಟ್ಟಿದ ಹತ್ತು ಕುದುರೆಗಳಲ್ಲಿ ಅತ್ಯಂತ ಆರೋಗ್ಯವಾಗಿ ಉಳಿದದ್ದಕ್ಕೆ ಹ್ಯಾಗಿನ್ ಕಪ್. ನನ್ನ ದೃಷ್ಟಿಯಲ್ಲಿ ಕ್ರೀಡೆ ನಿಜವಾಗಿ ಹುಟ್ಟಿದ್ದು ಆ ವರ್ಷ. ಮೊದಲ ವಿಶ್ವ ಚಾಂಪಿಯನ್‌ಷಿಪ್ 1986ರಲ್ಲಿ ರೋಮ್‌ನಲ್ಲಿ ನಡೆಯಿತು. ಆಮೇಲೆ ಕೊಲ್ಲಿ ರಾಷ್ಟ್ರಗಳ ಹಣ ಬಂತು, ವೇಗ ಏರಿತು, ಕಾಲು ಮುರಿದ ಕುದುರೆಗಳ ಸುದ್ದಿಯೂ ಬಂತು. 2018ರಲ್ಲಿ ಅಮೆರಿಕದ ಟ್ರಯಾನ್‌ನಲ್ಲಿ ಸೆಕೆ, ತೇವ ವಿಪರೀತವಾದಾಗ ವಿಶ್ವ ಚಾಂಪಿಯನ್‌ಷಿಪ್ಪನ್ನೇ ನಡುವೆ ನಿಲ್ಲಿಸಿದರು. ಎಷ್ಟೋ ಸವಾರರು ಸಿಟ್ಟಾದರು. ನಿಲ್ಲಿಸಿದ್ದೇ ಸರಿ.

ತರಬೇತಿಯಲ್ಲಿ ಅವಸರ ಮಾಡಿದವರಿಗೆ ಈ ಕುದುರೆ ಒಲಿಯುವುದಿಲ್ಲ. ಎದೆ, ಶ್ವಾಸಕೋಶ ಕೆಲವೇ ತಿಂಗಳಲ್ಲಿ ಪಳಗುತ್ತವೆ. ಸ್ನಾಯುಗಳಿಗೆ ಇನ್ನಷ್ಟು ಸಮಯ ಬೇಕು. ಎಲುಬು, ಕೀಲು, ಸ್ನಾಯುರಜ್ಜು ಗಟ್ಟಿಯಾಗಲು ವರ್ಷಗಳೇ ಹಿಡಿಯುತ್ತವೆ. ಅಪಾಯ ಇರುವುದು ಇಲ್ಲೇ: ಉಸಿರು ಸಾಕಷ್ಟಿದೆ, ಓಡಲು ಹುಮ್ಮಸ್ಸಿದೆ, ಕಾಲು ಮಾತ್ರ ಇನ್ನೂ ಎಳೆಯದು. ಆದ್ದರಿಂದ ಮೊದಲ ವರ್ಷವೆಲ್ಲ ನಡಿಗೆ, ನಿಧಾನದ ಟ್ರಾಟ್, ಏರು ತಗ್ಗಿನ ಮಣ್ಣುದಾರಿ. ಕ್ಯಾಂಟರ್ ಎಂಬ ಇನ್ನೂ ವೇಗದ ಓಟ ಆಮೇಲೆ. ಪ್ರತಿ ಸವಾರಿಯ ನಂತರ ನಾಡಿ ನೋಡಿ ಬರೆದಿಡುವುದು ಕುದುರೆ ನೋಡಿಕೊಳ್ಳುವ ಸೈಸ್‌ನ ಕೆಲಸ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ ಮೂವತ್ತು ನಲವತ್ತು ಬಡಿತ. ನಿತ್ಯ ಇಳಿಯುವ ಹೊತ್ತಿಗೆ ಇಳಿಯದಿದ್ದರೆ ಎಲ್ಲೋ ನೋವಿದೆ ಎಂದೇ ಅರ್ಥ. ಬೆವರಿನಲ್ಲಿ ಹೋದ ಉಪ್ಪನ್ನು ತುಂಬಿಕೊಡಬೇಕು, ನೀರನ್ನು ಮೈಮೇಲೆ ಸುರಿಯುತ್ತಲೇ ಇರಬೇಕು.

ಮೇವಿನ ವಿಷಯ ಬಂದರೆ ನಮ್ಮ ಕಡೆಯವರಿಗೆ ಥಟ್ಟನೆ ನೆನಪಾಗುವುದು ಬೇಯಿಸಿದ ಹುರುಳಿ. ಮೈಸೂರು ಸೀಮೆಯ ಲಾಯಗಳಲ್ಲಿ, ಜಟಕಾ ಬಂಡಿಯ ಮನೆಗಳಲ್ಲಿ ಕುದುರೆ ಬೆಳೆದದ್ದೇ ಅದರ ಮೇಲೆ. ನೆನೆಸಿ ಬೇಯಿಸಿದರೆ ಅರಗುವುದು ಸುಲಭ ಎಂಬುದು ಅನುಭವದ ಮಾತು, ಸರಿಯಾದ ಮಾತೂ ಹೌದು. ಆದರೆ ದೂರದ ಸವಾರಿಯ ಕುದುರೆಗೆ ಅದು ಹಿಡಿತದಲ್ಲಿರಬೇಕು. ಪ್ರೋಟೀನ್ ಮಿತಿಮೀರಿದರೆ ಮೈಕಾವು ಏರುತ್ತದೆ, ಮೂತ್ರ ಹೆಚ್ಚಾಗಿ ನೀರು ನಷ್ಟವಾಗುತ್ತದೆ. ಒಳ್ಳೆಯ ಹುಲ್ಲೇ ಮುಖ್ಯ ಆಹಾರ. ದೊಡ್ಡ ಕರುಳಿನಲ್ಲಿರುವ ಹುಲ್ಲು ನೀರನ್ನೂ ಲವಣವನ್ನೂ ಹಿಡಿದಿಟ್ಟುಕೊಂಡು ದಾರಿಯುದ್ದಕ್ಕೂ ಬಿಟ್ಟುಕೊಡುತ್ತದೆ.

ಪಕ್ಕದ ಕೇರಳದ ಮಲಪ್ಪುರಂ ಮೂಲದ ನಿದಾ ಅಂಜುಂ ಚೇಲಾಟ್ 2023ರಲ್ಲಿ ಫ್ರಾನ್ಸಿನಲ್ಲಿ ಕಿರಿಯರ ವಿಶ್ವ ಚಾಂಪಿಯನ್‌ಷಿಪ್ಪಿನ 120 ಕಿ.ಮೀ. ಪೂರೈಸಿದ ಮೊದಲ ಭಾರತೀಯಳಾದಳು. 2024ರಲ್ಲಿ ಅಲ್ಲೇ ಹಿರಿಯರ 160 ಕಿ.ಮೀ.ಯನ್ನೂ ಮುಗಿಸಿದಳು. ಅವಳು ಕಲಿತು ಬೆಳೆದದ್ದು ಕೊಲ್ಲಿಯಲ್ಲಿ. ಭಾರತದಲ್ಲಿ ಸಾಕಿದ ಕುದುರೆಯನ್ನು ಹೊರಗೆ ಒಯ್ಯುವುದು ರೋಗ ನಿರ್ಬಂಧಗಳಿಂದಾಗಿ ಬಹುಕಾಲ ಆಗದ ಮಾತಾಗಿತ್ತು. 2025ರಲ್ಲಿ ಮೀರತ್‌ನ ಸೇನಾ ಪಶುವೈದ್ಯ ಕೇಂದ್ರಕ್ಕೆ ರೋಗಮುಕ್ತ ಘಟಕವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದ ಮೇಲೆ ಆ ಬಾಗಿಲು ಸ್ವಲ್ಪ ತೆರೆದಿದೆ.

ಮೈಸೂರು ಸೀಮೆಗೆ ಈ ಕ್ರೀಡೆ ಬರಬೇಕು ಎಂಬುದು ನನ್ನ ಆಸೆ. ಬಂದರೆ ದುಬಾರಿ ಕುದುರೆಯಿಂದ ಶುರುವಾಗಬಾರದು, ವೈದ್ಯರಿಂದ ಶುರುವಾಗಬೇಕು. ಕುದುರೆ ಬಲ್ಲ ಪಶುವೈದ್ಯರು, ಸೈಸ್‌ಗಳು, ಲಾಳ ಹೊಡೆಯುವವರು ರೇಸ್ ಕೋರ್ಸ್ ಮತ್ತು ಪೊಲೀಸ್ ಲಾಯಗಳಿರುವ ಮೈಸೂರಿನಲ್ಲಿ ಈಗಾಗಲೇ ಇದ್ದಾರೆ. ತಾಂಡ್ಯದ ಡಾಂಬರು ರಸ್ತೆ ಗೊರಸಿಗೆ ಶತ್ರು, ಆದರೆ ಆಚೆಯ ಹೊಲದ ಬದಿಯ ಕೆಮ್ಮಣ್ಣಿನ ದಾರಿ, ವರುಣಾ ನಾಲೆಯ ಏರಿ, ಸುತ್ತೂರಿನ ಕಡೆಯ ಹೊಳೆದಂಡೆ ಇದಕ್ಕೆ ಹೇಳಿ ಮಾಡಿಸಿದಂತಿವೆ. ಮೊದಲ ಸವಾರಿ 40 ಕಿ.ಮೀ.ಗೆ ಸಾಕು. ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ, ಹುರುಳಿ ಕಟಾವಾಗಿ ಹೊಲ ಖಾಲಿಯಿರುವಾಗ, ಬೆಳಿಗ್ಗೆ ಆರಕ್ಕೆ ಹೊರಟು ಬಿಸಿಲೇರುವ ಮೊದಲೇ ಮುಗಿಸಬೇಕು. ದಾರಿಯ ಒಂದೊಂದು ಊರಿನಲ್ಲೂ ತೊಟ್ಟಿ ತುಂಬ ನೀರಿರಬೇಕು. ಮೊದಲು ಮುಟ್ಟಿದವರಿಗೆ ಬಹುಮಾನವೇ ಬೇಡ. ನಾಡಿ ಬೇಗ ಇಳಿದ ಕುದುರೆಗೂ ಅದನ್ನು ನೋಡಿಕೊಂಡ ಸೈಸ್‌ಗೂ ಕೊಟ್ಟರೆ ಆಯಿತು.