ಒಂದು ಗಣಕ, ಹಲವು ಕರ್ನೆಲ್

ಗುರುಮಠಕಲ್‌ನ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯ. ಮರುದಿನ ಪ್ರಾಯೋಗಿಕ ಪರೀಕ್ಷೆ. ಉಬುಂಟು ಇದ್ದ ಗಣಕ ಹೊಸ ಕರ್ನೆಲನ್ನು ಸ್ಥಾಪಿಸಿಕೊಳ್ಳುತ್ತಿರುವಾಗಲೇ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಎಂದೋ ಸತ್ತಿತ್ತು. ಮತ್ತೆ ಚಾಲೂ ಮಾಡಿದಾಗ ಪರದೆಯ ಮೇಲೆ 'ಕರ್ನೆಲ್ ಪ್ಯಾನಿಕ್' ಎಂಬ ಸಂದೇಶ. "ಸರ್, ಹಾರ್ಡ್ ಡಿಸ್ಕ್ ಹೋತ್ರಿ" ಎಂದ ವಿದ್ಯಾರ್ಥಿ. ವರ್ಷದ ಮಾಪನಗಳೆಲ್ಲ ಅದರಲ್ಲೇ ಇದ್ದುದರಿಂದ ನನಗೂ ದಿಗಿಲಾಯಿತು. ಆದರೆ ಡಿಸ್ಕ್‌ಗೆ ಏನೂ ಆಗಿರಲಿಲ್ಲ.

ಯಂತ್ರಾಂಶಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಸ್ಮೃತಿ, ಡಿಸ್ಕ್, ಕೀಲಿಮಣೆಗಳನ್ನು ನಿರ್ವಹಿಸುವ ತಿರುಳೇ ಕರ್ನೆಲ್. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬಿಡುಗಡೆ ಮಾಡಿದ ಲಿನಕ್ಸ್ ನಿಜಕ್ಕೂ ಇಷ್ಟೇ. ಉಳಿದದ್ದೆಲ್ಲ ಅದರ ಸುತ್ತ ಕಟ್ಟಿದ್ದು. ಪ್ರತಿ ಕರ್ನೆಲ್‌ಗೂ ಮೂರು ಭಾಗಗಳಿವೆ. 'ಬೂಟ್' ಕಡತಕೋಶದಲ್ಲಿ 'ವಿಎಂಲಿನಜ್' ಎಂಬ ಮೂಲ ಕಡತ. ಪಕ್ಕದಲ್ಲೇ 'ಇನಿಟ್‌ಆರ್‌ಡಿ', ಅಂದರೆ ಡಿಸ್ಕನ್ನು ಓದಲು ಮೊದಲು ಬೇಕಾಗುವ ಚಾಲಕಗಳ ಗಂಟು. ಉಳಿದ ಚಾಲಕಗಳು 'ಮಾಡ್ಯೂಲ್ಸ್' ಕಡತಕೋಶದಲ್ಲಿ. ಎಲ್ಲಕ್ಕೂ ಆವೃತ್ತಿ ಸಂಖ್ಯೆ ಅಂಟಿರುವುದರಿಂದ ಹೊಸದು ಬಂದರೂ ಹಳೆಯದು ಅಳಿಯುವುದಿಲ್ಲ. ನಮ್ಮ ಸ್ವಂತ ಕಡತಗಳು ಮಾತ್ರ ಎಲ್ಲ ಕರ್ನೆಲ್‌ಗಳಿಗೂ ಸಮಾನ.

ನಮ್ಮಲ್ಲಿ ಹೊಸ ಇನಿಟ್‌ಆರ್‌ಡಿ ಅಪೂರ್ಣವಾಗಿ ಉಳಿದಿತ್ತು. ಹಾಗಾಗಿ ಕರ್ನೆಲ್ ಎಚ್ಚರವಾದರೂ ಡಿಸ್ಕ್ ಸಿಗಲಿಲ್ಲ. ಗಣಕ ಏಳುವಾಗ ಶಿಫ್ಟ್ ಕೀಲಿ ಒತ್ತಿ ಹಿಡಿದರೆ (ಯುಇಎಫ್‌ಐ ಗಣಕಗಳಲ್ಲಿ ಎಸ್ಕೇಪ್) ಗ್ರಬ್‌ನ ಪಟ್ಟಿ ಕಾಣುತ್ತದೆ. ಅದರಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ತೆರೆದು ಹಳೆಯ ಕರ್ನೆಲ್ ಆರಿಸಿದೆವು. ಗಣಕ ಎದ್ದಿತು. ಪರೀಕ್ಷೆ ಅದರಲ್ಲೇ ನಡೆಯಿತು. 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್' ಆದೇಶದಿಂದ ಹೊಸದನ್ನು ದುರಸ್ತಿ ಮಾಡಿದ್ದು ಆಮೇಲೆ, ಬಿಡುವಾಗಿ.

ಹಾಗೆಂದು ಹಳೆಯವನ್ನೆಲ್ಲ ಕೂಡಿಡಬೇಕಿಲ್ಲ. ಒಂದೊಂದರ ಬೂಟ್ ಕಡತಗಳೇ ನೂರು ಎಂಬಿ ಮೀರುವುದುಂಟು. ಬೂಟ್‌ಗೆ ಪ್ರತ್ಯೇಕ ಸಣ್ಣ ವಿಭಾಗವಿದ್ದರೆ ಅದು ತುಂಬಿ, ಕರೆಂಟು ಹೋಗದೆಯೂ ಇದೇ ಅವಸ್ಥೆ ಬರುತ್ತದೆ. ಫೆಡೋರಾ ತಾನಾಗಿಯೇ ಮೂರನ್ನು ಮಾತ್ರ ಉಳಿಸುತ್ತದೆ. ಉಬುಂಟುವಿನಲ್ಲಿ 'ಆಪ್ಟ್ ಆಟೋರಿಮೂವ್' ಎಂದರೆ ಸಾಕು. ಕೈಯಿಂದಲೇ ತೆಗೆಯುವುದಾದರೆ ಮೊದಲು 'ಯುನೇಮ್ -ಆರ್' ಕೊಟ್ಟು ಈಗ ಓಡುತ್ತಿರುವುದು ಯಾವುದೆಂದು ನೋಡಿ ಅದನ್ನು ಬಿಡಬೇಕು. ಬೂಟ್ ಕಡತಕೋಶಕ್ಕೆ ನುಗ್ಗಿ ಕಡತಗಳನ್ನು ನೇರ ಅಳಿಸುವುದು ಬೇಡ, ಪ್ಯಾಕೇಜನ್ನೇ ತೆಗೆಯಿರಿ.

ಹೊಸ ಕರ್ನೆಲ್ ಮೇಲೆ ನಂಬಿಕೆ ಸಾಲದಿದ್ದರೆ ಇನ್ನೊಂದು ಉಪಾಯವಿದೆ. ಗ್ರಬ್‌ನ ಸಂರಚನೆಯಲ್ಲಿ 'ಗ್ರಬ್_ಡಿಫಾಲ್ಟ್' ಬೆಲೆಯನ್ನು 'ಸೇವ್ಡ್' ಎಂದು ಬದಲಿಸಿ, 'ಅಪ್‌ಡೇಟ್-ಗ್ರಬ್' ಓಡಿಸಿ, 'ಗ್ರಬ್-ಸೆಟ್-ಡಿಫಾಲ್ಟ್' ಆದೇಶದಿಂದ ಹಳೆಯದನ್ನು ಕಾಯಂ ಮಾಡಿ. ನಂತರ 'ಗ್ರಬ್-ರೀಬೂಟ್' ಆದೇಶದಿಂದ ಹೊಸದನ್ನು ಒಂದೇ ಒಂದು ಬಾರಿಗೆ ಆರಿಸಬಹುದು. ಅದು ಕೈಕೊಟ್ಟರೆ ಗಣಕವನ್ನು ಆರಿಸಿ ಮತ್ತೆ ಹಚ್ಚಿ, ಹಳೆಯದೇ ಏಳುತ್ತದೆ.